ಹನಿ ಬಿಡದ ಬೋರವ್ವ

ಕಳ್ಳಕವಟಗಿ ಊರಿನಲ್ಲಿ ಕಣ್ಣು ಕೆಂಪಾದವರು ಮೊದಲು ಬಡಿಯುತ್ತಿದ್ದುದು ಬೋರವ್ವನ ಬಾಗಿಲು. ಅಂಗಳದ ನಂದಿಬಟ್ಟಲು ಹೂವನ್ನು ಅರೆದು, ಬಟ್ಟೆಯಲ್ಲಿ ಹಿಂಡಿ, ಎರಡು ಹನಿ ಬಿಡುತ್ತಿದ್ದಳು. ಅತ್ತೆ ಕಲಿಸಿದ ಔಷಧ. ದುಡ್ಡು ಮುಟ್ಟುತ್ತಿರಲಿಲ್ಲ, ಬೈಗುಳ ಮಾತ್ರ ಧಾರಾಳ.

ಹೋದ ವರ್ಷ ತನ್ನ ಕಣ್ಣಿನ ಪೊರೆ ತೋರಿಸಲು ವಿಜಯಪುರಕ್ಕೆ ಹೋದವಳು ಹೂವಿನ ರಸ ಬಿಡಬೇಡ ಎಂದ ಡಾಕ್ಟರಮ್ಮನ ಜೊತೆ ಜಗಳಕ್ಕೇ ನಿಂತಳು.

“ನಮ್ಮತ್ತಿ ಕಾಲದಿಂದ ಹಾಕ್ತೇವ್ರಿ. ಎಲ್ಲಾರಿಗೂ ಆರಾಮ ಆಗೇತಿ.”

“ಹಾಕದವರಿಗೂ ತಾನಾಗೇ ಆರಾಮ ಆಗೇತೇನು, ಅದನ್ನ ಯಾರರ ನೋಡ್ಯಾರೇನವ್ವಾ? ಈ ರಸದಿಂದನ ಕಣ್ಣು ನೆಟ್ಟಗಾತು ಅನ್ನಾಕ ಗಟ್ಟಿ ಪುರಾವೆ ಇಲ್ಲ. ಹಸಿ ರಸದಾಗ ಹೊಲಸಿದ್ರ ಕಣ್ಣ ಕೆಡತೈತಿ. ಏನರ ಬಿದ್ರ ಸ್ವಚ್ಛ ನೀರಿಲೆ ತೊಳಕೋತ ಇರ್ರಿ, ಲಗೂ ದವಾಖಾನಿಗೆ ಬರ್ರಿ.”

ಬೋರವ್ವ ದಾರಿಯುದ್ದಕ್ಕೂ ಡಾಕ್ಟರಮ್ಮನನ್ನು ಬೈದಳು. ಆದರೆ ಆ ಪ್ರಶ್ನೆ ತಲೆಯಿಂದ ಇಳಿಯಲಿಲ್ಲ. ತನ್ನ ಬಾಗಿಲಿಗೆ ಬಾರದವರ ಕಣ್ಣನ್ನು ಅವಳು ಎಂದು ನೋಡಿದ್ದಳು?

ಅವಳ ದುಡಿಮೆ ಗುರುಪಾದಯ್ಯನ ಒಣದ್ರಾಕ್ಷಿ ಶೆಡ್ಡಿನಲ್ಲಿ. ಹಣ್ಣಿಗೆ ಬಣ್ಣ ಬರಲೆಂದು ಕೋಣೆ ಮುಚ್ಚಿ ಗಂಧಕದ ಹೊಗೆ ಹಾಕುತ್ತಾರೆ. ಹೊಗೆ ಆರುವ ಮೊದಲೇ ಗುರುಪಾದಯ್ಯ ಹೆಂಗಸರನ್ನು ಒಳಗೆ ಅಟ್ಟುತ್ತಿದ್ದ. ಕಣ್ಣುರಿ ಎಂದವರಿಗೆ ಒಂದೇ ಮಾತು: ಬೋರವ್ವನ ಹನಿ ಬಿಡಿಸಿಕೋ. ಅವಳ ಹೂವಿನ ದೆಸೆಯಿಂದ, ಕಣ್ಣು ತೊಳೆಯಲು ಶೆಡ್ಡಿಗೊಂದು ನೀರಿನ ನಳ ಬರಲೇ ಇಲ್ಲ. ನೆನೆದರೆ ಈ ಕತೆ ಹೇಳುವ ನನಗೇ ಮೈ ಉರಿಯುತ್ತದೆ.

ಈ ಸಲದ ಸುಗ್ಗಿಯಲ್ಲಿ, ಜೊತೆಗೆ ದುಡಿಯುವ ನೂರಜಹಾನಳ ಕಣ್ಣಿಗೆ ಗಂಧಕದ ಪುಡಿಯೇ ಹಾರಿತು. ಅವಳು ಚೀರಿಕೊಂಡಳು.

“ಬೋರವ್ವಾ, ಲಗೂ ಹನಿ ಬಿಡ ಬೇ, ಲಾರಿ ಬರೂ ಹೊತ್ತಾತು,” ಎಂದ ಗುರುಪಾದಯ್ಯ.

“ಬಿಡಂಗಿಲ್ಲ.”

ಶೆಡ್ಡಿಗೆ ಶೆಡ್ಡೇ ಬೆರಗಾಯಿತು. “ಬೋರವ್ವಕ್ಕಾ, ನನ್ನ ಕಣ್ಣು ಹೋಗ್ತೈತಿ,” ಎಂದು ನೂರಜಹಾನ ಅಂಗಲಾಚಿದಳು.

“ಹೋಗಬಾರ್ದಂತನ ಬಿಡಂಗಿಲ್ಲ, ಹುಚ್ಚಿ. ತಿಕ್ಕಬ್ಯಾಡ!”

ಗುರುಪಾದಯ್ಯನ ಖೋಲಿಯಲ್ಲಿ ಫಿಲ್ಟರ್ ನೀರಿನ ಕ್ಯಾನಿತ್ತು. ಬೋರವ್ವ ಅದನ್ನು ಎತ್ತಿಕೊಂಡೇ ಬಂದಳು.

“ಏ, ಅದು ವ್ಯಾಪಾರಿಗಳ ನೀರು!”

“ಇವತ್ತ ನೂರಜಹಾನಂದು.”

ಕ್ಯಾನು ಖಾಲಿಯಾಗುವವರೆಗೆ ಕಣ್ಣಿಗೆ ನೀರು ಬಿಟ್ಟಳು. ಆಮೇಲೆ ಅವಳನ್ನು ಬಾಡಿಗೆ ಜೀಪು ಹತ್ತಿಸಿಕೊಂಡು ವಿಜಯಪುರಕ್ಕೆ ಹೊರಟಳು. “ನಾಳಿಂದ ನೀ ಕೆಲಸಕ್ಕ ಬರಬ್ಯಾಡ,” ಎಂದು ಗುರುಪಾದಯ್ಯ ಹಿಂದಿನಿಂದ ಒದರಿದ. ದವಾಖಾನೆಯಲ್ಲಿ ಕಣ್ಣು ನೋಡಿ, ಕೂಡಲೇ ತೊಳೆದದ್ದು ಒಳ್ಳೆಯದಾಯಿತು, ಕಣ್ಣಿಗೆ ಅಪಾಯವಿಲ್ಲ ಎಂದರು ಡಾಕ್ಟರಮ್ಮ. ಬೋರವ್ವ ಅಲ್ಲೇ ಬೆಂಚಿನ ಮೇಲೆ ಕುಸಿದು ಅತ್ತಳು.

ಮರುದಿನ ಅವಳು ಶೆಡ್ಡಿಗೆ ಬಂದೇ ಬಂದಳು. ಒಳಗೆ ಹೋಗಲಿಲ್ಲ, ಬಾಗಿಲಲ್ಲಿ ಕೂತಳು. ಒಬ್ಬೊಬ್ಬರಾಗಿ ಎಲ್ಲ ಹೆಂಗಸರೂ ಬಂದು ಪಕ್ಕದಲ್ಲೇ ಕೂತರು.

ಲಾರಿ ಹಾರ್ನ್ ಹೊಡೆಯುತ್ತಿತ್ತು. ಸಿಟ್ಟಿಗೆದ್ದ ಗುರುಪಾದಯ್ಯ ತಾನೇ ಹೊಗೆಕೋಣೆಯ ಬಾಗಿಲು ತೆಗೆದು ನುಗ್ಗಿದ. ನುಗ್ಗಿದಷ್ಟೇ ಬೇಗ ಕಣ್ಣು ಮುಚ್ಚಿಕೊಂಡು ಹೊರಬಿದ್ದ. “ಬೋರವ್ವಾ, ಹನಿ!”

ಬೋರವ್ವ ತನ್ನ ಬುತ್ತಿಯ ಜೊತೆಗಿದ್ದ ನೀರಿನ ಬಾಟಲಿ ತೆಗೆದು, ಅವನ ತಲೆ ಹಿಡಿದು ಕಣ್ಣು ತೊಳೆದಳು. ಬಾಟಲಿ ಬರಿದಾಯಿತು.

“ಇಷ್ಟ ನೀರು ಸಾಲಂಗಿಲ್ರಿ ಅಯ್ಯಾರ. ನಳ ಎಲ್ಲಿ ಹಾಕಸ್ತೀರಿ, ತೋರಸ್ರಿ.”