ನಮ್ಮ ಕ್ಲಬ್ಬಿನ ಸ್ಟೆನೋ ಕಾಕೂ

ಕಾಕೂ ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಸುಮ್ಮನಿದ್ದದ್ದನ್ನು ನಾನು ಫುಟ್‌ಬಾಲ್ ಪಂದ್ಯ ನಡೆಯುವಾಗ ಮಾತ್ರ ನೋಡಿದ್ದೇನೆ. ಉಳಿದ ಹೊತ್ತೆಲ್ಲ ಅವು ಇಲ್ಲದ ಪೆನ್ಸಿಲೊಂದನ್ನು ಹಿಡಿದು ತೊಡೆಯ ಮೇಲೆ, ಸೆರಗಿನ ಮೇಲೆ, ಬಸ್ಸಿನಲ್ಲಾದರೆ ಮುಂದಿನ ಸೀಟಿನ ಕಂಬಿಯ ಮೇಲೆ ಏನನ್ನೋ ಗೀಚುತ್ತಿದ್ದವು. ಎದುರಿಗಿದ್ದವರು ಮಾತಾಡುವಷ್ಟು ಹೊತ್ತು ಗೀಚುವುದು, ಅವರು ಬಾಯಿ ಮುಚ್ಚಿದರೆ ಬೆರಳೂ ನಿಲ್ಲುವುದು. ಮೊದಲ ಸಲ ನೋಡಿದಾಗ ಪಾಪ, ನರದ ತೊಂದರೆ ಇರಬೇಕು ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಅವರು ಮೂವತ್ತನಾಲ್ಕು ವರ್ಷ ಪುಣೆಯ ಶಿವಾಜಿನಗರದ ಕೋರ್ಟಿನಲ್ಲಿ ಸ್ಟೆನೋ ಆಗಿದ್ದವರು. ಅವರ ಕೈಗೆ ಮಾತ್ರ ನಿವೃತ್ತಿಯ ಆದೇಶ ಇನ್ನೂ ತಲುಪಿರಲಿಲ್ಲ.

ಧಾರವಾಡದವರು, ಮದುವೆಯಾಗಿ ಪುಣೆಗೆ ಬಂದವರು. ಕನ್ನಡದವರಾದ ನಾವು ನಾಲ್ಕೈದು ಮಂದಿಯೂ ಕಾಕೂ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು, ಮರಾಠಿಯವರೂ ಕಾಕೂ ಎನ್ನುತ್ತಿದ್ದರು. ಅವರ ಕೋರ್ಟಿನಲ್ಲಿ ನೋಟೀಸು ಜಾರಿಮಾಡುವ ಬೇಲಿಫ್ ಆಗಿದ್ದ ಒಬ್ಬಾತ ನಮ್ಮ ಕ್ಲಬ್ಬಿನ ಹಳೆಯ ಕಾಲದ ಆಟಗಾರ. ಒಂದು ಭಾನುವಾರ ಸುಮ್ಮನೆ ನೋಡಲು ಬನ್ನಿ ಎಂದು ಕರೆದನಂತೆ. ಹೋದವರು ಮತ್ತೆ ಬಿಡಲಿಲ್ಲ. ಅದೇನು ಹಿಡಿಸಿತು ನಿಮಗೆ ಎಂದು ನಾನೊಮ್ಮೆ ಕೇಳಿದ್ದೆ.

"ವಾರ ಪೂರ್ತಿ ಮಂದಿ ಮಾತಾಡಿದ್ದ ಬರಕೊಂಡಿರ್ತಿದ್ದೆ," ಎಂದರು. "ಇಲ್ಲಿ ತೊಂಬತ್ತು ನಿಮಿಷ ಯಾರೂ ಹೇಳಿಕೆ ಕೊಡೂದಿಲ್ಲ ನೋಡು. ಭಾಳ ಆರಾಮ ಅನಸ್ತದ."

ನಮ್ಮ ಕ್ಲಬ್ಬನ್ನು ನೀವು ಕೇಳಿರಲಿಕ್ಕಿಲ್ಲ. ಪುಣೆಯವರಲ್ಲೇ ಹೆಚ್ಚಿನವರು ಕೇಳಿಲ್ಲ. ಊರಿನ ಲೀಗಿನಲ್ಲಿ ಆಡುವ ತಂಡ. ಯೆರವಡಾ ಕಡೆ ಒಂದು ಮೈದಾನ, ಅದರಲ್ಲಿ ಹುಲ್ಲಿಗಿಂತ ಮಣ್ಣು ಹೆಚ್ಚು. ಮೂವತ್ತು ನಲವತ್ತು ಜನ ಅಭಿಮಾನಿಗಳು. ಪಂದ್ಯ ಮುಗಿದ ಮೇಲೆ ಶಿವಾಜಿನಗರದ ಒಂದು ಚಹಾ ಅಂಗಡಿಯ ಮುಂದೆ ನಮ್ಮ ಸಭೆ. ಯಾರನ್ನು ಆಡಿಸಬೇಕಿತ್ತು, ಯಾರನ್ನು ಕೂರಿಸಬೇಕಿತ್ತು ಎಂಬುದನ್ನು ತರಬೇತುದಾರನಿಗಿಂತ ನಾವೇ ಚೆನ್ನಾಗಿ ಬಲ್ಲವರು. ಹೋದ ವಾರ ತಾನು ಹೇಳಿದ್ದನ್ನು ಈ ವಾರ ಯಾರೂ ಒಪ್ಪುತ್ತಿರಲಿಲ್ಲವಾದ್ದರಿಂದ ಜಗಳಕ್ಕೆ ಬರವಿರಲಿಲ್ಲ. ಅದಕ್ಕಾಗಿಯೇ ಕಾಕೂ ಚೀಲದಲ್ಲಿ ಒಂದು ಸಣ್ಣ ನೋಟ್‌ಬುಕ್ಕು, ಎರಡು ಪೆನ್ಸಿಲು ಇಟ್ಟುಕೊಂಡು ಬರಲು ಶುರುಮಾಡಿದರು. ಯಾರಾದರೂ ನಾನು ಹಾಗೆ ಅಂದೇ ಇಲ್ಲ ಎಂದರೆ ಸಾಕು, ಕಾಕೂ ಕನ್ನಡಕ ಏರಿಸುತ್ತಿದ್ದರು.

"ಅಂದದ್ದ ಓದಿ ತೋರಸ್ಲೇನು?"

ಅವರು ಓದುವ ಧಾಟಿಯೇ ಬೇರೆ. ಏರಿಲ್ಲ, ಇಳಿವಿಲ್ಲ, ಸಿಟ್ಟಿಲ್ಲ, ನಗುವಿಲ್ಲ. ಗೆದ್ದೇ ಗೆಲ್ಲುತ್ತೇವೆ, ಸೋತರೆ ಮೀಸೆ ಬೋಳಿಸುತ್ತೇನೆ ಎಂದು ಗುಡುಗಿದ್ದ ಹಿರಿಯರೊಬ್ಬರ ಮಾತನ್ನು ರೈಲಿನ ವೇಳಾಪಟ್ಟಿ ಓದುವ ಹಾಗೆ ಓದಿದರು. ಆ ಹಿರಿಯರು ಮುಂದಿನ ಎರಡು ಭಾನುವಾರ ಮೈದಾನಕ್ಕೆ ಬರಲಿಲ್ಲ. ಮರಾಠಿ, ಹಿಂದಿ, ನಮ್ಮ ಕನ್ನಡ ಎಲ್ಲವನ್ನೂ ಅದು ಹೇಗೆ ಬರೆದುಕೊಳ್ಳುತ್ತೀರಿ ಎಂದರೆ, "ಶಾರ್ಟ್‌ಹ್ಯಾಂಡಿಗೆ ಭಾಷಾ ಇಲ್ಲ ತಮ್ಮಾ, ಸಪ್ಪಳ ಅಷ್ಟ," ಎನ್ನುತ್ತಿದ್ದರು.

ನಾನು ಬೆಳಗಾವಿ ಕಡೆಯವನು, ಇಲ್ಲಿ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ. ಕಚೇರಿಯಲ್ಲಿ ಇಡೀ ವಾರ ಹೌದು ಸಾರ್ ಎಂದವನು ಭಾನುವಾರ ಅದರ ಬಡ್ಡಿಯನ್ನೆಲ್ಲ ಚಹಾ ಅಂಗಡಿಯ ಮುಂದೆ ವಸೂಲು ಮಾಡುತ್ತಿದ್ದೆ. ಎಲುಬಿಲ್ಲದ ನಾಲಿಗೆ ಎನ್ನುತ್ತಾರಲ್ಲ, ನನ್ನದು ಅದಕ್ಕೆ ಒಳ್ಳೆಯ ಮಾದರಿ.

ಆ ವರ್ಷ ನಮಗೆ ಶನಿ ಹಿಡಿದಿತ್ತು. ಒಂಬತ್ತು ಪಂದ್ಯ ಆಡಿ ಒಂದನ್ನೂ ಗೆದ್ದಿರಲಿಲ್ಲ. ಇಷ್ಟು ವರ್ಷ ಕ್ಲಬ್ಬನ್ನು ನಡೆಸಿಕೊಂಡು ಬಂದಿದ್ದ ಮನೆತನದವರು, ನಮ್ಮ ಕೈಲಿ ಇನ್ನಾಗದು, ಯಾರಾದರೂ ವಹಿಸಿಕೊಂಡರೆ ಸರಿ, ಇಲ್ಲದಿದ್ದರೆ ಈ ಹಂಗಾಮಿನ ಕೊನೆಗೆ ಮುಚ್ಚುತ್ತೇವೆ ಎಂದುಬಿಟ್ಟಿದ್ದರು. ಹತ್ತನೆಯ ಪಂದ್ಯದಲ್ಲಿ ನಾಲ್ಕು ಗೋಲು ತಿಂದೆವು. ಅದರಲ್ಲಿ ಎರಡು ಗೋಲ್‌ಕೀಪರನ ಕೈಯೊಳಗಿಂದಲೇ ಜಾರಿ ಹೋದವು. ಅವನು ಯೆರವಡಾದವನು, ಒಂದು ಲೇತ್ ವರ್ಕ್‌ಶಾಪಿನಲ್ಲಿ ಕೆಲಸ. ಆರಡಿಗೂ ಮೀರಿದ ಆಳು, ಮಾತು ಕಡಿಮೆ. ಚಹಾ ಅಂಗಡಿಯ ಮುಂದೆ ನಾನು ಎಲ್ಲರೆದುರು ಮರಾಠಿಯಲ್ಲಿ ಕೂಗಿದೆ: ಗೋಲ್‌ಕೀಪರ್ ಮಾರಿಕೊಂಡಿದ್ದಾನೆ, ಗೋಲು ಬಿಡಲು ದುಡ್ಡು ತಿಂದಿದ್ದಾನೆ, ಇಂಥ ತಂಡ ಮುಚ್ಚಿಹೋದರೇ ಒಳ್ಳೆಯದು.

ಯಾರೂ ಇಲ್ಲ ಎನ್ನಲಿಲ್ಲ. ಸೋತ ದಿನ ಅಂಥ ಮಾತು ಎಲ್ಲರಿಗೂ ರುಚಿಸುತ್ತದೆ.

ಬಸ್‌ಸ್ಟ್ಯಾಂಡಿನ ತನಕ ಕಾಕೂ ನನ್ನ ಜೊತೆಗೇ ನಡೆದು ಬಂದರು. ಅಲ್ಲಿ ಬೆಂಚಿನ ಮೇಲೆ ಕೂತು ನೋಟ್‌ಬುಕ್ಕು ತೆಗೆದು, ಕೇಳದೆಯೇ, ನನ್ನ ಮಾತನ್ನು ನನಗೆ ಓದಿದರು. ನನ್ನ ಗಂಟಲಿನ ಆವೇಶ ತೆಗೆದು ಬರೀ ಶಬ್ದಗಳನ್ನು ಎದುರಿಗಿಟ್ಟಾಗ ಅದು ಎಷ್ಟು ಹೊಲಸು ಮಾತು ಎಂದು ನನಗೇ ಕಂಡಿತು. ಇದು ನಿನಗೆ ಹೇಗೆ ಗೊತ್ತು ಎಂದು ಕೇಳಿದರು. ಗೊತ್ತಿರಲಿಲ್ಲ. ತಲೆ ತಗ್ಗಿಸಿ ಕನ್ನಡದಲ್ಲಿ ಮೂರು ವಾಕ್ಯ ಹೇಳಿದೆ. ಅವರು ಅದನ್ನೂ ಬರೆದುಕೊಂಡರು.

"ಮಂದಿ ಮುಂದ ಅಂದದ್ದನ್ನ ಮಂದಿ ಮುಂದ ವಾಪಸ್ ತಗೋಬೇಕು," ಎಂದರು. "ನನ್ನ ಕಿವ್ಯಾಗ ತಗೊಂಡ್ರ ಹೆಂಗ?"

ಬರುವ ಭಾನುವಾರ ಹೇಳುತ್ತೇನೆ ಎಂದೆ. ಆ ಭಾನುವಾರ ಬಂದು ಹೋಯಿತು, ಅದರ ಮುಂದಿನದೂ ಹೋಯಿತು. ಎಲ್ಲರೂ ಮರೆತಿದ್ದಾರೆ, ನಾನೇಕೆ ಕೆದಕಲಿ ಎಂದು ಸಮಾಧಾನ ಮಾಡಿಕೊಂಡೆ. ಕಾಕೂ ಮತ್ತೆ ಆ ಮಾತೆತ್ತಲಿಲ್ಲ.

ಅಷ್ಟರಲ್ಲಿ ದೇವರೇ ಕಳಿಸಿದಂತೆ ಒಬ್ಬರು ಬಂದರು. ಇಂದಾಪುರದವರು, ಕಬ್ಬಿನ ಗದ್ದೆಗಳಿಗೆ ಹನಿ ನೀರಾವರಿಯ ಪೈಪು ಮಾರುವ ದೊಡ್ಡ ವ್ಯಾಪಾರಿ. ಪುಣೆಯಲ್ಲಿ ಓದುವಾಗ ನಮ್ಮ ತಂಡದ ಆಟ ನೋಡಿದ್ದರಂತೆ. ಬಂಡವಾಳ ಹಾಕುವ ಮನಸ್ಸಿದೆ, ಒಮ್ಮೆ ಎಲ್ಲರ ಜೊತೆ ಮಾತಾಡಬೇಕು ಎಂದು ಹೇಳಿಕಳಿಸಿದರು. ನಾವು ಅವರಿಗೆ ಆಗಲೇ ಪೈಪ್ ಸಾಹೇಬರು ಎಂದು ಹೆಸರಿಟ್ಟಾಗಿತ್ತು.

ಭಾನುವಾರ ಮಧ್ಯಾಹ್ನ ಒಂದು ಶಾಲೆಯ ಕೋಣೆಯಲ್ಲಿ ಸಭೆ. ಪೈಪ್ ಸಾಹೇಬರ ದೇಹಕ್ಕೆ ಮಕ್ಕಳ ಬೆಂಚು ಸಾಲದೆ ಮೇಷ್ಟರ ಮೇಜಿನ ಮೇಲೆಯೇ ಕೂತರು. ಪಕ್ಕದಲ್ಲಿ ಅವರ ಅಣ್ಣನ ಮಗ, ಕೈಯಲ್ಲಿ ಫೋನು. ಆಟಗಾರರ ಪರವಾಗಿ ಗೋಲ್‌ಕೀಪರ್ ಬಂದು ಹಿಂದಿನ ಗೋಡೆಗೆ ಒರಗಿ ನಿಂತಿದ್ದ. ಕಾಕೂ ಮೊದಲ ಬೆಂಚಿನಲ್ಲಿ ಬರೆದುಕೊಳ್ಳುತ್ತಿದ್ದರು. ಅರ್ಧ ಗಂಟೆ ಎಲ್ಲ ಸುಸೂತ್ರವಾಗಿ ನಡೆಯಿತು. ಆಮೇಲೆ ಆ ತರುಣ ಫೋನನ್ನು ಎತ್ತಿ ಹಿಡಿದು, ನಿಮ್ಮ ತಂಡ ಪಂದ್ಯ ಮಾರಿಕೊಳ್ಳುತ್ತದೆ ಎಂದು ನಿಮ್ಮ ಅಭಿಮಾನಿಗಳೇ ಹೇಳಿದ್ದಾರೆ, ವಾಟ್ಸಾಪಿನಲ್ಲಿ ಓಡಾಡುತ್ತಿದೆ ಎಂದ. ಪೈಪ್ ಸಾಹೇಬರ ಮುಖ ಗಂಭೀರವಾಯಿತು. ಅಂಥ ತಂಡಕ್ಕೆ ನಾನು ಕೈಹಾಕುವುದಿಲ್ಲ, ಇದು ನಿಜವೋ ಸುಳ್ಳೋ ಈಗಲೇ ತಿಳಿಯಬೇಕು ಎಂದರು.

ನಮ್ಮ ಕಾರ್ಯದರ್ಶಿಗಳು ಎದ್ದು ನಿಂತರು. ಸಜ್ಜನರು. ನಾನು ಕೂಗಾಡಿದ ದಿನ ಅವರು ಮದುವೆಯೊಂದಕ್ಕೆ ಹೋಗಿದ್ದರಿಂದ ಚಹಾ ಅಂಗಡಿಗೆ ಬಂದಿರಲಿಲ್ಲ. ಇದೆಲ್ಲ ಎದುರು ತಂಡದವರ ಅಪಪ್ರಚಾರ, ನಮ್ಮವರ ಬಾಯಲ್ಲಿ ಅಂಥ ಮಾತು ಬಂದೇ ಇಲ್ಲ, ಬೇಕಾದರೆ ನಮ್ಮ ಕಾಕೂ ಅವರ ನೋಟ್‌ಬುಕ್ಕನ್ನೇ ಕೇಳಿ ಎಂದುಬಿಟ್ಟರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗಾಯಿತು ನನಗೆ. ಕಾಕೂ ಪುಟ ತಿರುವಿದರು, ಒಂದು ಕಡೆ ನಿಲ್ಲಿಸಿದರು. ಅಂಥ ಮಾತು ಬಂದಿದೆ, ಆಡಿದವರು ಇಲ್ಲೇ ಇದ್ದಾರೆ, ಅವರು ಒಪ್ಪಿದರೆ ಓದುತ್ತೇನೆ ಎಂದು ಮರಾಠಿಯಲ್ಲಿ ಹೇಳಿ ಕರಿಹಲಗೆಯ ಕಡೆ ನೋಡುತ್ತ ಕೂತರು. ನನ್ನ ಕಡೆ ತಿರುಗಲಿಲ್ಲ. ಚಹಾ ಅಂಗಡಿಯಲ್ಲಿ ಕೇಳಿಸಿಕೊಂಡಿದ್ದ ಉಳಿದವರೂ ತಿರುಗಲಿಲ್ಲ. ನಾನು ಸುಮ್ಮನೆ ಕೂತಿದ್ದರೆ ಎಲ್ಲರೂ ಸುಮ್ಮನಿರುತ್ತಿದ್ದರು, ಅದು ನನಗೆ ಚೆನ್ನಾಗಿ ತಿಳಿದಿತ್ತು. ಎದ್ದರೆ, ಕ್ಲಬ್ಬನ್ನು ಮುಳುಗಿಸಿದವನು ಇವನೇ ಎಂದು ಜನ್ಮವಿಡೀ ಅನ್ನಿಸಿಕೊಳ್ಳಬೇಕಾಗುತ್ತಿತ್ತು. ಹಿಂದಿನ ಗೋಡೆಯ ಕಡೆ ನೋಡಲು ಧೈರ್ಯವಾಗಲಿಲ್ಲ. ಹೇಗೋ ಎದ್ದು ನಿಂತೆ.

"ಓದ್ರಿ ಕಾಕೂ," ಎಂದೆ.

ಓದಿದರು. ಗೋಲ್‌ಕೀಪರ್ ಮಾರಿಕೊಂಡಿದ್ದಾನೆ ಎಂಬಲ್ಲಿಂದ ಮುಚ್ಚಿಹೋದರೇ ಒಳ್ಳೆಯದು ಎಂಬಲ್ಲಿಯವರೆಗೆ, ಒಂದಕ್ಷರ ಬಿಡದೆ. ಆಮೇಲೆ ಅದೇ ದನಿಯಲ್ಲಿ ಮುಂದಿನ ಸಾಲು, ಕನ್ನಡದಲ್ಲಿ:

"ನಾ ಅಂದದ್ದು ಸುಳ್ಳು. ಸಿಟ್ಟಿನಾಗ ಅಂದೆ. ಅವನ ಬಗ್ಗೆ ನನಗೇನೂ ಗೊತ್ತಿಲ್ಲ."

ಪೈಪ್ ಸಾಹೇಬರು ಕೈಯೆತ್ತಿ, ಕಳಲಂ, ತಿಳಿಯಿತು ಎಂದರು. ಸೊಲ್ಲಾಪುರ, ವಿಜಯಪುರದ ಕಡೆ ವ್ಯಾಪಾರ ಮಾಡುವವರಿಗೆ ಅಷ್ಟು ಕನ್ನಡ ಬರುತ್ತಿತ್ತು. ಆದರೆ ಗೋಲ್‌ಕೀಪರನಿಗೆ ಕನ್ನಡ ಬಾರದು. ಕೊನೆಯಲ್ಲಿ ಓದಿದ್ದು ಏನು ಎಂದು ಹಿಂದಿನಿಂದ ಕೇಳಿದ. ಮರಾಠಿಯಲ್ಲಿ ಹೇಳಿಬಿಡಿ ಎಂದು ಕಾರ್ಯದರ್ಶಿಗಳು ಕಾಕೂ ಅವರಿಗೆ ಸೂಚಿಸಿದರು. ಕಾಕೂ ನೋಟ್‌ಬುಕ್ಕು ಮುಚ್ಚಿ ಮೊದಲ ಸಲ ನನ್ನ ಕಡೆ ತಿರುಗಿದರು.

"ಬರಕೊಂಡದ್ದ ಓದೂದಷ್ಟ ನನ್ನ ಕೆಲಸ. ಅರ್ಥಾ ಹೇಳೂದು ಅಂದವನ ಕೆಲಸ. ಅವನ ಕಡೆ ನೋಡಿ ಹೇಳು ತಮ್ಮಾ."

ಹದಿನೈದು ವರ್ಷ ಪುಣೆಯಲ್ಲಿ ಆಡಿದ ಮರಾಠಿ ಆ ಹೊತ್ತಿನಲ್ಲಿ ನನ್ನ ಕೈಬಿಟ್ಟಿತು. ತೊದಲಿದೆ, ತಪ್ಪು ತಪ್ಪಾಗಿ ಹೇಳಿದೆ, ಆದರೆ ಅವನ ಮುಖ ನೋಡಿಯೇ ಹೇಳಿದೆ. ಅವನು ಎಡಗೈಯನ್ನು ಮುಂದೆ ಚಾಚಿದ. ಕಿರುಬೆರಳು ಇನ್ನೂ ಸೊಟ್ಟಗಿತ್ತು. ಆ ಪಂದ್ಯದ ಹಿಂದಿನ ದಿನವೇ ವರ್ಕ್‌ಶಾಪಿನಲ್ಲಿ ಬೆರಳು ಮುರಿದಿತ್ತಂತೆ. ತಂಡದಲ್ಲಿ ಎರಡನೆಯ ಗೋಲ್‌ಕೀಪರ್ ಇಲ್ಲವಾದ್ದರಿಂದ ಯಾರಿಗೂ ಹೇಳದೆ ಪಟ್ಟಿ ಸುತ್ತಿಕೊಂಡು ಆಡಿದ್ದನಂತೆ. ಇಷ್ಟು ಹೇಳಿ ಮತ್ತೆ ಗೋಡೆಗೆ ಒರಗಿದ. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು.

ಪೈಪ್ ಸಾಹೇಬರು ಕಾಕೂ ಅವರ ಕಡೆ ತಿರುಗಿದರು. ನಾನು ಇಲ್ಲಿಯವರೆಗೆ ಹೇಳಿದ್ದನ್ನೂ ಬರೆದುಕೊಂಡಿದ್ದೀರೇನು ಎಂದು ಕೇಳಿದರು. ಕಾಕೂ ಹೌದೆಂದರು. ಹಾಗಾದರೆ ಓದಿ ಎಂದರು. ಕಾಕೂ ಓದಿದರು. ಕ್ಲಬ್ಬಿನ ಹೆಸರು ಉಳಿಯುತ್ತದೆಯೇ ಎಂದಾಗ, ನೋಡೋಣ. ಮೈದಾನ ಇದೇ ಇರುತ್ತದೆಯೇ, ನೋಡೋಣ. ಹೊಸ ಆಟಗಾರರು, ನೋಡೋಣ. ಅರ್ಧ ಗಂಟೆಯಲ್ಲಿ ಆರು ಸಲ ನೋಡೋಣ. ನಾಲ್ಕನೆಯದಕ್ಕೆ ಒಬ್ಬರು ಕಿಸಕ್ಕೆಂದರು, ಐದನೆಯದಕ್ಕೆ ಪೈಪ್ ಸಾಹೇಬರೇ ನಗಲು ಶುರುಮಾಡಿದರು, ಮೇಜು ಕಿರುಗುಟ್ಟುವ ಹಾಗೆ ನಕ್ಕರು. ಅಣ್ಣನ ಮಗ ತೋಳು ಜಗ್ಗುತ್ತಿದ್ದರೂ ಲೆಕ್ಕಿಸದೆ, ಈಗ ಬರೆದುಕೊಳ್ಳಿ ತಾಯಿ ಎಂದರು. ಹೆಸರು ಅದೇ, ಮೈದಾನ ಅದೇ, ಮುಂದಿನ ವಾರದೊಳಗೆ ಇನ್ನೊಬ್ಬ ಗೋಲ್‌ಕೀಪರ್. ಕಾಕೂ ಬರೆದುಕೊಂಡು, ಓದಿ ಎಂದು ಅವರು ಹೇಳುವ ಮೊದಲೇ ಓದಿ ತೋರಿಸಿದರು.

ನಮಗೆಲ್ಲ ಹೋದ ಜೀವ ಬಂದಂತಾಯಿತು. ಕಾರ್ಯದರ್ಶಿಗಳು ಬೆಂಚಿನ ಮೇಲೆ ಕುಸಿದು ನೀರು ಕೇಳಿದರು.

ಪವಾಡವೇನೂ ನಡೆಯಲಿಲ್ಲ. ಉಳಿದ ಪಂದ್ಯಗಳಲ್ಲಿ ಎರಡು ಗೆದ್ದೆವು, ಕೆಲವು ಡ್ರಾ ಆದವು. ಕೊನೆಯ ಪಂದ್ಯದಲ್ಲಿ ಸೋಲದಿದ್ದರೆ ಸಾಕು, ಕೆಳಗಿನ ವಿಭಾಗಕ್ಕೆ ಇಳಿಯುವುದಿಲ್ಲ ಎಂಬಲ್ಲಿಗೆ ಬಂತು. ಎರಡೂ ಕಡೆ ಒಂದೂ ಗೋಲಿಲ್ಲ. ಅಷ್ಟು ನೀರಸವಾದ ಆಟವನ್ನು ಅಷ್ಟು ಆಸೆಯಿಂದ ನಾನು ಎಂದೂ ನೋಡಿಲ್ಲ. ಸೀಟಿ ಊದಿದಾಗ ಕಾಕೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಚಹಾ ಕುಡಿಯುವಾಗ, ಅವತ್ತು ನೀವು ಓದದಿದ್ದರೆ ನಾನು ಜನ್ಮವಿಡೀ ಸುಳ್ಳನಾಗಿಯೇ ಇರುತ್ತಿದ್ದೆ ಎಂದು ಅವರಿಗೆ ಹೇಳಿದೆ.

"ನಾ ಏನ ಮಾಡೀನಿ? ನೀ ಅಂದಿ, ನಾ ಬರಕೊಂಡೆ," ಎಂದರು. ಆಮೇಲೆ ದನಿ ತಗ್ಗಿಸಿ, "ಖರೇ ಹೇಳ್ತೀನಿ, ಕೋರ್ಟಿನ್ಯಾಗ ಒಮ್ಮಿನೂ ಓದಲಿಕ್ಕೆ ಹೆದರಿದ್ದಿಲ್ಲ. ಅವತ್ತು ಹೆದರಿದ್ದೆ. ಕ್ಲಬ್ ಹೋಗೇಬಿಡ್ತು ಅನಿಸಿತ್ತು," ಎಂದರು.

ಹೋಗೇಬಿಟ್ಟಿತು ಎಂದುಕೊಂಡೇ ಓದಿದ್ದರು. ಇದು ನನಗೆ ಅದುವರೆಗೆ ಹೊಳೆದಿರಲಿಲ್ಲ.

ಎರಡು ವರ್ಷದ ಮೇಲೆ, ಶ್ರಾವಣದಲ್ಲಿ, ನಾಲ್ಕು ದಿನದ ಜ್ವರದಲ್ಲಿ ಕಾಕೂ ಹೋದರು. ಹೆಚ್ಚು ನರಳಲಿಲ್ಲ ಎಂದು ಅವರ ಮಗಳು ಹೇಳಿದರು. ಸ್ಮಶಾನದಲ್ಲಿ ವ್ಯಾನಿನಿಂದ ಇಳಿಸಿ ಒಳಗೆ ಒಯ್ಯುವಾಗ ಮುಂದಿನ ಒಂದು ಕಡೆ ನಾನು ಹೆಗಲು ಕೊಟ್ಟೆ. ಇನ್ನೊಂದು ಕಡೆ ಗೋಲ್‌ಕೀಪರ್ ಬಂದ. ಅವನು ನನಗಿಂತ ಒಂದು ಗೇಣು ಎತ್ತರ, ಚಟ್ಟ ನನ್ನ ಕಡೆ ವಾಲಿತು. ಸರಿಸಮ ಎತ್ತರದ ಇನ್ನೊಬ್ಬರು ಬನ್ನಿ ಎಂದು ಹಿಂದಿನಿಂದ ಯಾರೋ ಹೇಳಿದರು. ಅವನು ಬೇಡ ಎಂದು ತಲೆಯಾಡಿಸಿದ. ಮೊಣಕಾಲು ಬಗ್ಗಿಸಿ ನನ್ನ ಎತ್ತರಕ್ಕೆ ಇಳಿದು, ಒಳಗೆ ಮುಟ್ಟುವವರೆಗೂ ಹಾಗೆಯೇ ನಡೆದ.