ಬರ್ತೀನಿ ಸಾರ್

ಪೀಣ್ಯದ ನಮ್ಮ ಗೇರ್ ವರ್ಕ್‌ಶಾಪು ಮುಳುಗ್ತಿದ್ದ ಕಾಲ. ಖುದ್ದಾಗಿ ಬಂದು ಸ್ಯಾಂಪಲ್ ತೋರಿಸಿದ್ರೆ ಆರ್ಡರ್ ಕೊಡ್ತೀವಿ ಅಂತ ಜರ್ಮನಿಯ ಕಂಪನಿಯೊಂದು ಹೇಳಿತ್ತು. ಬಿಸಿನೆಸ್ ವೀಸಾಕ್ಕೆ ಮದ್ರಾಸಿನ ಜರ್ಮನ್ ಕಾನ್ಸುಲೇಟಿಗೆ ಹೋದೆ.

ಬಿಳಿ ಆಫೀಸರು ಕೇಳಿದ್ದನ್ನ ಪಕ್ಕದ ಗುಮಾಸ್ತರು ಕನ್ನಡದಲ್ಲಿ ಹೇಳಿದ್ರು: “ನೀವು ವಾಪಸ್ ಬರ್ತೀರ ಅನ್ನೋದಕ್ಕೆ ಏನು ಗ್ಯಾರಂಟಿ ಅಂತಾರೆ.”

“ವರ್ಕ್‌ಶಾಪಿದೆಯಲ್ಲ ಸಾರ್.”

“ಅದು ನಷ್ಟದಲ್ಲಿದೆಯಲ್ಲ, ಅಂತಾರೆ.”

ಆಫೀಸರು ಅಡ್ಡಡ್ಡ ತಲೆಯಾಡಿಸಿ, ಮುದ್ರೆ ಒತ್ತದೇ ಪಾಸ್‌ಪೋರ್ಟನ್ನ ನನ್ನ ಕಡೆ ತಳ್ಳಿದ.

ಎದ್ದು, ಎಲ್ಲಿಂದ ಹೊರಡುವಾಗ್ಲೂ ಹೇಳೋ ಹಾಗೆ, ಕೈಮುಗಿದು “ಬರ್ತೀನಿ ಸಾರ್” ಅಂದೆ. ಗುಮಾಸ್ತರು ಅದನ್ನೂ ಅಕ್ಷರಶಃ ಇಂಗ್ಲಿಷಿಗೆ ತಿರುಗಿಸಿಬಿಟ್ರು. ಆಫೀಸರು ಗಾಬರಿಯಾಗಿ ಏನೋ ಅಂದ.

“ಬರೋದು ಬೇಡವಂತೆ,” ಅಂದ್ರು ಗುಮಾಸ್ತರು, ನನ್ನ ಮುಖ ನೋಡದೆ.

ವಾಪಸ್ ಬರಲ್ಲ ಅನ್ನೋದು ತಾನೇ ಅವರ ಅನುಮಾನ? ನಾನು ಹೋಗದೇನೇ ವಾಪಸ್ ಬಂದ್ಬಿಟ್ಟೆ. ಹೋಗಿದ್ದು ವರ್ಕ್‌ಶಾಪು ಮಾತ್ರ.