ಬಾಗಿಲ ಮೇಲೆ ಬಡಿದು ತೋರಿಸು

"ಇನ್ನೊಂದ್ಸಲ ನನ್ನ ರೂಮಿನ ಬಾಗಿಲು ಒದ್ದರೆ ಕಾಲು ಮುರಿದು ಕೈಗೆ ಕೊಡ್ತೀನಿ."

"ಕೊಡೇ, ನೋಡೇಬಿಡೋಣ. ಬೆಳಗಿನ ಜಾವ ಮಂಚದ ಮೇಲೆ ಕುಣಿಯೋಳು ನೀನು, ಕಾಲು ಮುರಿಯೋದು ನಂದಾ?"

ಬೆಳಗಿನ ಆರು ಗಂಟೆ. ಹುಡುಗಿಯರ ಹಾಸ್ಟೆಲಿನ ನಾಲ್ಕನೇ ಮಹಡಿಯಲ್ಲಿ ಇಬ್ಬರು ಮೂಗಿಗೆ ಮೂಗು ತಾಗುವಂತೆ ನಿಂತಿದ್ದಾರೆ. ಒಬ್ಬಳು ಈ ಮಹಡಿಯವಳೇ, ಲಾಂಗ್‌ಜಂಪ್ ಹುಡುಗಿ. ಇನ್ನೊಬ್ಬಳು ಅವಳ ಕೆಳಗಿನ ರೂಮಿನವಳು, ಕಣ್ಣು ಕೆಂಡ. ಇಬ್ಬರ ನಡುವೆ ಬಕೆಟ್ಟೊಂದು ಬಂದು ಕೂರುತ್ತದೆ.

"ನೆಲ ಒದ್ದೆ ಇದೆ. ಇಲ್ಲೇ ಜಗಳ ಆಡಿದ್ರೆ ಯಾರೂ ಮುರಿಯೋದೇ ಬೇಡ, ಇಬ್ಬರ ಕಾಲೂ ತಾನೇ ಮುರಿಯುತ್ತೆ" ಎನ್ನುತ್ತಾರೆ ಬಕೆಟ್ಟಿನ ಒಡತಿ. ಆಮೇಲೆ ಕೆಳಗಿನವಳ ಕಡೆ ತಿರುಗಿ, "ನಿಂಗೆ ಏನು ಕೇಳಿಸ್ತು? ಬಾಯಲ್ಲಿ ಹೇಳ್ಬೇಡ. ಈ ಬಾಗಿಲ ಮೇಲೆ ಬಡಿದು ತೋರಿಸು."

ಹುಡುಗಿ ಗೊಣಗುತ್ತಲೇ ಬೆರಳು ಮಡಚಿ ಬಡಿಯುತ್ತಾಳೆ. ನಿಧಾನವಾಗಿ ಮೂರು. ಆಮೇಲೆ ಓಟಕ್ಕೆ ಬಿದ್ದ ಹಾಗೆ ಒಂದೇ ಸಮ. ಆಮೇಲೆ ತಟ್ಟನೆ ಮೌನ. ಈಕೆ ಕಣ್ಣು ಮುಚ್ಚಿ ಕೇಳುತ್ತಾರೆ. "ಇದು ಕಾಲಿನ ಸದ್ದಲ್ಲ ಕಣೆ. ಮನುಷ್ಯರು ಇಷ್ಟು ಅಚ್ಚುಕಟ್ಟಾಗಿ ಕುಣಿಯಲ್ಲ."

ಹಾಸ್ಟೆಲಿನಲ್ಲಿ ಈಕೆಯನ್ನು ಎಲ್ಲರೂ ಕರೆಯುವುದು ಕಿವಿಯಕ್ಕ ಎಂದು. ವಯಸ್ಸು ಐವತ್ತೆರಡು. ಇಪ್ಪತ್ತೆರಡು ವರ್ಷದಿಂದ ಇಲ್ಲಿನ ನೆಲ ಒರೆಸುತ್ತಾರೆ. ನಾಲ್ಕು ಮಹಡಿ, ನಲವತ್ತಾರು ರೂಮು, ನೂರಾ ಹನ್ನೆರಡು ಹುಡುಗಿಯರು, ಎಂಬತ್ತನಾಲ್ಕು ಮೆಟ್ಟಿಲು. ಲಿಫ್ಟ್ ಇದೆ, ಕೆಟ್ಟಿದೆ. ಅದು ಕೆಟ್ಟ ವರ್ಷ ಸೇರಿದ ಹುಡುಗಿಯರು ಓದು ಮುಗಿಸಿ, ಮದುವೆಯಾಗಿ, ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದಾರೆ.

ಚಿಕ್ಕಂದಿನಲ್ಲಿ ಈಕೆ ಅಪ್ಪನ ಜೊತೆ ಮಗ್ಗದ ಶೆಡ್ಡಿನಲ್ಲಿ ದುಡಿದವರು. ಇಪ್ಪತ್ತು ಮಗ್ಗ ಒಟ್ಟಿಗೆ ಅರಚುವಾಗ ಯಾವ ಮಗ್ಗ ತಾಳ ತಪ್ಪಿದೆ ಎಂದು ಕಿವಿಯಲ್ಲೇ ಹಿಡಿಯಬೇಕಿತ್ತು. ಹಿಡಿಯದಿದ್ದರೆ ನೂಲು ಹರಿಯುತ್ತಿತ್ತು, ಬೆನ್ನಿಗೆ ಗುದ್ದು ಬೀಳುತ್ತಿತ್ತು. "ಅಪ್ಪ ಕಿವಿ ಹಿಂಡೇ ಕಿವಿ ಕೊಟ್ಟ" ಎಂದು ನಗುತ್ತಾರೆ. "ಈಗ ಯಾವ ಸದ್ದನ್ನಾದ್ರೂ ಹಿಡೀತೀನಿ. ನಮ್ಮನೆಯವರ ಗೊರಕೆಗೆ ಮಾತ್ರ ನನ್ನ ಹತ್ರ ಮದ್ದಿಲ್ಲ."

ನಗು ನಿಲ್ಲುವ ಮಾತೊಂದಿದೆ. ಒಂಬತ್ತು ವರ್ಷದ ಹಿಂದೆ ಮೊದಲ ಮಹಡಿಯ ಹುಡುಗಿಯೊಬ್ಬಳ ಮೇಲೆ ಗಲಾಟೆಯ ದೂರು ಬಂತು. ಹೌದಾ ಎಂದು ವಾರ್ಡನ್ ಕೇಳಿದಾಗ, ಹತ್ತು ಜನ ಹೇಳಿದ ಮೇಲೆ ಇರಬಹುದು ಎಂದು ಈಕೆಯೂ ತಲೆಯಾಡಿಸಿದರು. ಹುಡುಗಿ ಗಂಟುಮೂಟೆ ಕಟ್ಟಿ ಹೋದಳು. ಸದ್ದು ಹೋಗಲಿಲ್ಲ. ಅದು ತಿರುಪು ಸಡಿಲವಾದ ಕಿಟಕಿಯದು. "ಆ ತಲೆಯಾಡಿಸಿದ್ದು ಇವತ್ತಿಗೂ ಕತ್ತಲ್ಲಿ ನೋಯುತ್ತೆ." ಅಂದಿನಿಂದ ಶುರುವಾದದ್ದು ಈ ಬಡಿದು ತೋರಿಸುವ ಪದ್ಧತಿ.

ಈಗ ಅಂಥದೇ ದೂರು ಲಾಂಗ್‌ಜಂಪ್ ಹುಡುಗಿಯ ಮೇಲೆ. ಕಾಲೇಜು ಎಲ್ಲರಿಗೂ ಒಂದು ಕಾಗದ ಹಂಚಿತ್ತು. ಮೊದಲ ಪ್ರಶ್ನೆಯೇ ಗಲಾಟೆ ಮಾಡುವವರು ಯಾರು ಎಂದು. ಇಪ್ಪತ್ತೆಂಟು ಜನ ಅವಳ ರೂಮಿನ ನಂಬರು ಬರೆದರು. ಶನಿವಾರದೊಳಗೆ ರೂಮು ಬಿಡಬೇಕೆಂದು ವಾರ್ಡನ್ ನೋಟಿಸು ಕೊಟ್ಟಾಗಿದೆ. ಅವಳ ಊರು ಒಂದೂವರೆ ದಿನದ ಬಸ್ಸಿನ ದಾರಿ. ರೂಮು ಹೋದರೆ ಓದೂ ಹೋದಂತೆ. ಬುದ್ಧಿವಂತರು ಅಚ್ಚು ಹಾಕಿಸಿದ ಆ ಕಾಗದದ ಬಗ್ಗೆ ಕಿವಿಯಕ್ಕ ಹೇಳುವುದಿಷ್ಟು: "ಯಾರು ಅಂತ ಕೇಳಿದ್ರೆ ಆಗದವರ ಹೆಸರು ಬರುತ್ತೆ. ಏನು ಕೇಳಿಸ್ತು ಅಂತ ಕೇಳಿದ್ರೆ ಸದ್ದು ಬರುತ್ತೆ."

ಆ ಜಗಳದ ಬೆಳಗಿನಿಂದ ಐದು ದಿನ, ಕೆಲಸದ ನಡುವೆ, ಹತ್ತೊಂಬತ್ತು ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಕೇಳಿದ್ದಾರೆ. ಒಬ್ಬಳು ತನ್ನ ಫ್ಯಾನಿನ ಸದ್ದು ಬಡಿದಳು. ಇನ್ನೊಬ್ಬಳು ಕನಸಿನಲ್ಲಿ ಕೇಳಿದ್ದನ್ನು ಬಡಿದಳು. ಉಳಿದ ಹದಿನೇಳು ಜನರದ್ದೂ ಅದೇ ತಾಳ. "ಮೇಲಿನವರು ಕೆಳಗಿಂದ ಅಂತಾರೆ, ಕೆಳಗಿನವರು ಮೇಲಿಂದ ಅಂತಾರೆ. ಹಾಗಾದ್ರೆ ಇದು ಗೋಡೆಯೊಳಗಿಂದ ಬರೋ ಸದ್ದು." ಗೋಡೆಯೊಳಗಿನ ನೀರಿನ ಪೈಪಿಗೆ ಕಿವಿ ಹಚ್ಚಿ ಮಹಡಿ ಮಹಡಿ ಇಳಿದರು. ಪೈಪು ಹೋಗಿ ಮುಟ್ಟಿದ್ದು ನೆಲಮಹಡಿಯ ಹಿಂಬದಿ, ವಾರ್ಡನ್ ಮನೆಯ ಬಚ್ಚಲಿಗೆ. ಅಲ್ಲಿ ಬಟ್ಟೆ ಒಗೆಯುವ ಮೆಷಿನ್ನು, ಒಂದು ಕಾಲು ಗಿಡ್ಡ, ಪೈಪಿಗೆ ಬೆನ್ನು ಕೊಟ್ಟು ನಿಂತಿದೆ. ನೀರು ಜೋರಾಗಿ ಬರುವುದು ಬೆಳಗಿನ ಐದಕ್ಕೆ. ಮೆಷಿನ್ನು ತಿರುಗಿ ಪೈಪಿಗೆ ಬಡಿಯುವುದೂ ಆಗಲೇ.

ಮೊದಲು ವಾರ್ಡನ್ನರಿಗೇ ಹೇಳಿದರು, ಯಾರಿಗೂ ಕೇಳದ ಹಾಗೆ. "ನೆಲ ಒರೆಸೋ ಕೆಲಸ ನೆಟ್ಟಗೆ ಮಾಡು" ಎಂಬ ಉತ್ತರ ಬಂತು. ನೋಟಿಸು ಹಾಗೇ ಉಳಿಯಿತು.

ಶನಿವಾರ ಹತ್ತು ಗಂಟೆಗೆ ಊಟದ ಹಾಲಿನಲ್ಲಿ ವಿಚಾರಣೆ. ಹುಡುಗಿಯ ಮನವಿಯ ಮೇಲೆ ಪ್ರಾಂಶುಪಾಲರು ಬಂದಿದ್ದಾರೆ, ಕಿವಿಯಕ್ಕನನ್ನೂ ಕರೆಸಿದ್ದಾರೆ. ಲಾಂಗ್‌ಜಂಪ್ ಹುಡುಗಿ ಪಕ್ಕದಲ್ಲಿ ಪೆಟ್ಟಿಗೆ ಕಟ್ಟಿಟ್ಟುಕೊಂಡೇ ಕೂತಿದ್ದಾಳೆ.

"ಪೊರಕೆ ಹಿಡಿಯೋರನ್ನೂ ಸಭೆಗೆ ಕರೀತಾರಾ ಸರ್?" ಎನ್ನುತ್ತಾರೆ ವಾರ್ಡನ್.

"ಪೊರಕೆ ಹೊರಗಿಟ್ಟೇ ಬಂದಿದೀನಿ ಮೇಡಂ" ಎನ್ನುತ್ತಾರೆ ಕಿವಿಯಕ್ಕ. ಕೆಲಸ ಹೋಗಬಹುದೆಂದು ಅವರಿಗೆ ಗೊತ್ತು. ಆದರೂ ಮೇಜಿನ ಮುಂದೆ ಬಂದು ನಿಲ್ಲುತ್ತಾರೆ. "ಸರ್, ಹುಡುಗೀರೆಲ್ಲ ಹೊರಗಿರ್ಲಿ. ಒಬ್ಬೊಬ್ಬರೇ ಬಂದು ಮೇಜಿನ ಮೇಲೆ ಬಡೀಲಿ."

ಒಬ್ಬಳು ಬಂದು ಬಡಿದಳು. ಎರಡನೆಯವಳು ಬಂದಳು. ಐದನೆಯವಳು ಬಡಿಯುವಾಗ ಪ್ರಾಂಶುಪಾಲರ ಬೆರಳೂ ಮೇಜಿನ ಮೇಲೆ ತಾನಾಗಿ ಆಡತೊಡಗಿತು. ನಿಧಾನವಾಗಿ ಮೂರು, ಆಮೇಲೆ ಓಟ, ಆಮೇಲೆ ಮೌನ. ಏಳನೆಯವಳು ಬಡಿದಳು, ಅಂದು ಬಾಗಿಲು ಒದ್ದು ಜಗಳಕ್ಕೆ ನಿಂತಿದ್ದ ಕೆಳಗಿನ ರೂಮಿನವಳೇ. ಬಡಿದು ಮುಗಿಸಿ ಲಾಂಗ್‌ಜಂಪ್ ಹುಡುಗಿಯ ಮುಖ ನೋಡಲಾಗದೆ ತಲೆ ತಗ್ಗಿಸಿದಳು.

"ಸಾಕು" ಎಂದರು ಪ್ರಾಂಶುಪಾಲರು. "ಇದು ಎಲ್ಲಿಂದ ಬರ್ತಿದೆ?"

"ಅದನ್ನ ಮೇಡಂ ಹೇಳ್ಲಿ ಸರ್. ಬುಧವಾರವೇ ಅವರಿಗೆ ತಿಳಿಸಿದೀನಿ."

ಎಲ್ಲರ ಕಣ್ಣೂ ವಾರ್ಡನ್ ಮೇಲೆ. ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ಮನೇಲಿ ಒಂದು ಫೈಲಿದೆ, ತಂದುಬಿಡ್ತೀನಿ" ಎಂದು ಎದ್ದು ಬಾಗಿಲು ದಾಟಿದರು.

ಹತ್ತು ನಿಮಿಷವಾಯಿತು. ಅರ್ಧ ಗಂಟೆಯಾಯಿತು. ಪ್ರಾಂಶುಪಾಲರು ನೋಟಿಸಿನ ಮೇಲೆ ಅಡ್ಡಗೆರೆ ಎಳೆದು ಸಹಿ ಹಾಕಿದರು. "ಇನ್ನೂ ಸ್ವಲ್ಪ ಕಾಯೋಣ್ವಾ? ಮೇಡಂ ಬರಬಹುದು."

"ಬರಲ್ಲ ಸರ್" ಎಂದರು ಕಿವಿಯಕ್ಕ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾ. "ಆ ಹೆಜ್ಜೆ ಸದ್ದು ಕೇಳಿದೆ. ಅದು ತಿರುಗಿ ಬರೋರ ಹೆಜ್ಜೆ ಅಲ್ಲ."